ಬೆಟ್ಟ ನಂಬಿದವರ ಊರಿನಿಂದ

ಯೋಗ್ಯಕರ್ತಾ, ಜಾವಾ
ಮೇ 11

ತೀರ್ಥರೂಪು ಅಪ್ಪಯ್ಯನಿಗೆ ನಿನ್ನ ಕೂಸು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ನೋಡು, ಒಕ್ಕಣೆ ಮರೆತಿಲ್ಲ. ಧಾರವಾಡದ ಹಾಸ್ಟೆಲಿನಿಂದ ಬರೆದ ಇನ್‌ಲ್ಯಾಂಡ್ ಲೆಟರುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿಟ್ಟು, ರಜೆಗೆ ಬಂದಾಗ ನನ್ನ ಕೈಗೇ ಕೊಡುತ್ತಿದ್ದವನು ನೀನು. ಇದನ್ನೂ ತಿದ್ದು. ಆದರೆ ಪೂರ್ತಿ ಓದಿ ಆಮೇಲೆ ತಿದ್ದು.

ಫೋನಿರುವಾಗ ಇದೆಂಥ ಪತ್ರ ಎಂದು ಕೇಳಬೇಡ. ಫೋನಿನಲ್ಲಿ ಅಡಿಕೆ ದರ ಹೇಳುವಾಗ ನಿನಗೆ ಎಲ್ಲ ಸ್ಪಷ್ಟ ಕೇಳುತ್ತದೆ. ಆಯಿಯ ಮಂಡಿನೋವಿನ ವಿಷಯವೂ ಕೇಳುತ್ತದೆ. "ಈ ಮಳೆಗಾಲ ಶಿರಸಿಯಲ್ಲಿ ಮಾಣಿಯ ಮನೆಯಲ್ಲಿ ಇದ್ದುಬಿಡು" ಎಂಬಲ್ಲಿಗೆ ಮಾತು ಬಂತೋ, "ಕೂಸೇ, ಕೇಳ್ತಿಲ್ಲೆ, ಇಡ್ತಿ" ಎಂದು ಇಟ್ಟುಬಿಡುತ್ತೀಯ. ಪತ್ರಕ್ಕೆ ಟವರ್ ಬೇಕಾಗಿಲ್ಲ. ಮಾಣಿಗೆ ಕಳಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ತಂದುಕೊಡುತ್ತಾನೆ. ಊಟವಾದ ಮೇಲೆ ಕವಳ ಹಾಕಿಕೊಂಡು ಜಗಲಿಯಲ್ಲಿ ಕೂತು ಓದು. ಆಯಿಗೆ ಕೇಳುವ ಹಾಗೆ ಓದು.

ಇಲ್ಲಿನವರ ಬಾಯಲ್ಲಿ ಈ ಊರು ಜೋಗ್ಜಾ. ನಾನು ಬಂದ ಹೊಸತರಲ್ಲಿ ನೀನು ಊರಿಗೆಲ್ಲ ಕೂಸು ಜೋಗದಲ್ಲಿದೆ ಎಂಬಂತೆ ಹೇಳಿ, ಕೊನೆಗೌಡ "ಹಾಗಾದರೆ ಹತ್ತಿರವೇ ಆಯಿತಲ್ಲ" ಅಂದದ್ದು ಇನ್ನೂ ನೆನಪಿದೆ. ಹತ್ತಿರವಲ್ಲ. ಆದರೆ ಭಾಷೆ ಕಲಿಯತೊಡಗಿದ ಮೇಲೆ ಅಷ್ಟು ದೂರವೂ ಅನಿಸುತ್ತಿಲ್ಲ. ಭೂಮಿಗೆ ಇವರು 'ಬುಮಿ' ಎನ್ನುತ್ತಾರೆ, ಹಳ್ಳಿಗೆ 'ದೇಸಾ', ಕಥೆಗೆ 'ಚೆರಿತಾ', ಅಪಾಯಕ್ಕೆ 'ಬಹಾಯಾ', ಅಂದರೆ ನಮ್ಮ ಭಯವೇ. ಯೋಗ್ಯಕರ್ತಾ ಎಂಬ ಹೆಸರಿನೊಳಗೆ ಅಯೋಧ್ಯೆ ಕೂತಿದೆ. ದಿನಾ ಒಂದು ಹಳೆಯ ನೆಂಟನನ್ನು ಹೊಸ ಅಂಗಿಯಲ್ಲಿ ನೋಡಿದ ಹಾಗೆ ಆಗುತ್ತದೆ. ಒಂದು ಪದವನ್ನು ಮಾತ್ರ ಆಮೇಲೆ ಹೇಳುತ್ತೇನೆ, ಅದಕ್ಕಾಗಿಯೇ ಅರ್ಧ ಈ ಪತ್ರ.

ನಮ್ಮ ಬಾಡಿಗೆ ಮನೆಯ ತಾರಸಿಯಿಂದ ಉತ್ತರಕ್ಕೆ ನೋಡಿದರೆ ಮೆರಾಪಿ. ಇಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. 'ಆಪಿ' ಎಂದರೆ ಬೆಂಕಿ. ಮೊದಲರ್ಧ ನಮ್ಮ ಮೇರುವೇ ಎಂದು ಇಲ್ಲಿ ಹಲವರು ಹೇಳುತ್ತಾರೆ, ಬೆಂಕಿಯ ಮೇರು. ಎತ್ತರ ಎಷ್ಟು ಎಂದು ಕೇಳಿದರೆ ಯಾವ ವರ್ಷದ್ದು ಎಂದು ತಿರುಗಿ ಕೇಳುತ್ತಾರೆ. 2,900 ಮೀಟರಿನ ಮೇಲೆ ಇರುವುದು ನಿಜ, ಆದರೆ ಪ್ರತಿ ಸಲ ಸಿಡಿದಾಗಲೂ ತುದಿಯ ಆಕಾರ ಬದಲಾಗುತ್ತದೆ. ಬೆಳಿಗ್ಗೆ ಐದಕ್ಕೆ ಮೋಡವಿಲ್ಲದಾಗ ನೋಡಬೇಕು. ಬುಡದಿಂದ ತುದಿಯವರೆಗೆ ಒಂದೇ ಗೆರೆ, ನೆತ್ತಿಯಲ್ಲಿ ಒಂದೆಳೆ ಹೊಗೆ. ನೀನು ಸಂಧ್ಯಾವಂದನೆಗೆ ಕೂತಾಗ ಪಕ್ಕದಲ್ಲಿಟ್ಟ ಊದುಬತ್ತಿಯ ಹಾಗೆ. ನಮ್ಮ ಮನೆಯೊಡತಿಯನ್ನು ನಾನು ಇಬು ಎನ್ನುತ್ತೇನೆ, ಅಮ್ಮ ಎಂದ ಹಾಗೆ. ಇಬು ದಿನಾ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಆ ಹೊಗೆ ನೋಡುತ್ತಾಳೆ. ನೆಟ್ಟಗಿದ್ದರೆ ಬಟ್ಟೆ ಹೊರಗೆ, ನಮ್ಮ ಕಡೆ ವಾಲಿದ್ದರೆ ಒಳಗೆ. ಸರ್ಕಾರ 2020ರ ನವೆಂಬರಿನಲ್ಲಿ ಎಚ್ಚರಿಕೆಯನ್ನು ನಾಲ್ಕರಲ್ಲಿ ಮೂರನೆಯ ಹಂತಕ್ಕೆ ಏರಿಸಿತು, ವರ್ಷಗಳು ಕಳೆದರೂ ಇಳಿಸಲಿಲ್ಲ. ಇಬುವಿನ ಬಟ್ಟೆ ಒಣಗುತ್ತಲೇ ಇದೆ.

ಬೆಂಕಿಬೆಟ್ಟ ಎಂದರೆ ಕೆಂಪು ಪಾಯಸ ಉಕ್ಕಿ ಹರಿಯುವುದು ಎಂದು ನಾನೂ ತಿಳಿದಿದ್ದೆ. ಮೆರಾಪಿಯದು ಹಾಗಲ್ಲ. ಹಿಂದೂ ಮಹಾಸಾಗರದ ತಳ ವರ್ಷಕ್ಕೆ ಆರೇಳು ಸೆಂಟಿಮೀಟರಿನಂತೆ ಜಾವಾದ ಅಡಿಗೆ ನುಗ್ಗುತ್ತದೆ. ಆ ಆಳದಲ್ಲಿ ಕರಗಿದ ಕಲ್ಲು ಮೇಲೆ ಬರುವ ಹೊತ್ತಿಗೆ ತೀರ ಮಂದವಾಗಿರುತ್ತದೆ. ಚಳಿಗಾಲದ ಬೆಳಿಗ್ಗೆ ಡಬ್ಬದಲ್ಲಿ ಗಟ್ಟಿಯಾಗಿ, ಸೌಟು ಹಾಕಿದರೆ ಸೌಟೇ ನಿಲ್ಲುವ ಜೋನಿಬೆಲ್ಲ ಇರುತ್ತದಲ್ಲ, ಹಾಗೆ. ಹರಿಯಲಾರದೆ ಅದು ಬಾಯಿಯಲ್ಲೇ ಗುಪ್ಪೆಯಾಗಿ ಕೂರುತ್ತದೆ. ಗುಪ್ಪೆ ದೊಡ್ಡದಾಗುತ್ತ ಹೋಗಿ ಒಂದು ದಿನ ಅಂಚು ಕಳಚಿಕೊಳ್ಳುತ್ತದೆ. ಬೀಳುವಾಗ ಕಲ್ಲು ಪುಡಿಯಾಗಿ, ಒಳಗೆ ಸಿಕ್ಕಿಕೊಂಡ ಅನಿಲ ಬಿಡುಗಡೆಯಾಗಿ, ಬೂದಿ, ಕಲ್ಲು, ಅನಿಲ ಎಲ್ಲ ಸೇರಿದ ಒಂದು ಮೋಡ ಇಳಿಜಾರಿನಲ್ಲಿ ಉರುಳುತ್ತದೆ. ಶಾಖ ನೂರಾರು ಡಿಗ್ರಿ. ವೇಗ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಮೆರಾಪಿಯಲ್ಲಿ ಹೆಚ್ಚಿನ ಜನ ಸತ್ತದ್ದು ಈ ಮೋಡದಿಂದ. 1930ರಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಜನ. 1994ರಲ್ಲಿ ತುರ್ಗೊ ಎಂಬ ಹಳ್ಳಿಯಲ್ಲಿ ಒಂದು ಮದುವೆಮನೆಯ ಮೇಲೆಯೇ ಬಂದು ಬಿತ್ತು.

ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ಜಾವಾದ ರೈತ ಕರೆಯುವುದು 'ವೆದುಸ್ ಗೆಂಬೆಲ್'. ಜಡೆಗಟ್ಟಿದ ಉಣ್ಣೆಯ ಕುರಿ. ದೂರದಿಂದ ನೋಡಿದರೆ ಬಿಳಿ ಬೂದು ಸುರುಳಿಗಳು ಒಂದರ ಮೇಲೊಂದು ಉರುಳುತ್ತ, ಕುರಿಮಂದೆ ಗುಡ್ಡ ಇಳಿದ ಹಾಗೇ ಕಾಣುತ್ತದಂತೆ. ಕೊಲ್ಲುವುದಕ್ಕೆ ಕುರಿ ಎಂದು ಹೆಸರಿಟ್ಟಿದ್ದಾರೆ ನೋಡು. ಹುಲಿಗೆ 'ದೊಡ್ಡ ನಾಯಿ' ಎನ್ನುತ್ತಿದ್ದ ನಮ್ಮ ಅಜ್ಜನ ನೆನಪಾಯಿತು. ಹೆಸರು ಸಣ್ಣದು ಮಾಡಿದರೆ ಅದರ ಜೊತೆ ಬಾಳುವುದು ಸುಲಭ.

ಕಳೆದ ತಿಂಗಳು ಕಿನಾಹ್ರೆಜೊಗೆ ಹೋಗಿದ್ದೆ. ತುದಿಯಿಂದ ಸುಮಾರು ಐದು ಕಿಲೋಮೀಟರಿನಲ್ಲಿದ್ದ ಹಳ್ಳಿ. ಈಗ ಅಲ್ಲಿಗೆ ಪ್ರವಾಸಿಗರನ್ನು ಹಳೆಯ ಜೀಪುಗಳಲ್ಲಿ ಕುಲುಕಿಸಿಕೊಂಡು ಕರೆದೊಯ್ಯುತ್ತಾರೆ. ಓಡಿಸುವವರಲ್ಲಿ ಎಷ್ಟೋ ಜನ ಅಲ್ಲೇ ಮನೆ ಕಳೆದುಕೊಂಡವರು. ನಮ್ಮ ಜೀಪಿನವ ಗೆಂದೋಲ್ ಹೊಳೆಯ ಪಾತ್ರದಲ್ಲಿ ನಿಲ್ಲಿಸಿ, "ನಮ್ಮ ಮನೆ ಇಲ್ಲಿತ್ತು" ಎಂದು ಕೈ ತೋರಿಸಿದ್ದು ಮುಂದಕ್ಕಲ್ಲ, ಕಾಲ ಕೆಳಗೆ. ಆ ಮಣ್ಣಿನ ಮೇಲೆ ಮರಳು ಲಾರಿಗಳು ಓಡಾಡುತ್ತಿದ್ದವು.

ದಾರಿಯಲ್ಲಿ ಒಂದು ಮನೆಯನ್ನು ಹಾಗೇ ಉಳಿಸಿದ್ದಾರೆ. ಹೆಸರು 'ಸಿಸಾ ಹಾರ್ತಾಕು'. ಸಿಸಾ ಎಂದರೆ ನಮ್ಮ ಶೇಷ. ಹಾರ್ತಾ ಎಂದರೆ ಅರ್ಥ, ಸೊತ್ತು. ನನ್ನ ಸೊತ್ತಿನಲ್ಲಿ ಉಳಿದದ್ದು. ಒಳಗೆ ಕರಗಿ ಬಗ್ಗಿದ ಬಾಟಲಿಗಳು, ತುಕ್ಕು ಹಿಡಿದ ಮೋಟಾರುಬೈಕಿನ ಅಸ್ಥಿಪಂಜರ, ಪಾತ್ರೆ, ಒಂದು ದನದ ಎಲುಬುಗೂಡು. ಗೋಡೆಯ ಮೇಲೆ ಕರಗಿ ಮುದುಡಿದ ಗಡಿಯಾರ. ಮುಳ್ಳು ಹನ್ನೆರಡು ಗಂಟೆ ಐದು ನಿಮಿಷಕ್ಕೆ ನಿಂತಿದೆ. 2010ರ ನವೆಂಬರ್ 5ರ ನಡುರಾತ್ರಿ. ನಾನು ಹೆಚ್ಚು ಹೊತ್ತು ನಿಂತದ್ದು ಗಡಿಯಾರದ ಮುಂದಲ್ಲ, ದನದ ಮುಂದೆ. ಕೊರಳಿನ ಎಲುಬು ಬಾಗಿಲ ಕಡೆಗೇ ತಿರುಗಿದೆ ಅನಿಸಿತು. ನನಗೆ ಹಾಗೆ ಅನಿಸಿದ್ದಷ್ಟೇ ಇರಬಹುದು.

ಆ ಹಳ್ಳಿಯಲ್ಲಿ ಒಬ್ಬ ಅಜ್ಜ ಇದ್ದರು. ಹೆಸರು ಮಾರಿಜಾನ್. ಇಲ್ಲಿ ಅಜ್ಜ ಅಜ್ಜಿಯರನ್ನು 'ಎಂಬಾಹ್' ಎಂದು ಕರೆಯುತ್ತಾರೆ, ಹಾಗಾಗಿ ಎಂಬಾಹ್ ಮಾರಿಜಾನ್. ಅವರದು ಅರಮನೆಯ ಕೆಲಸ. 1982ರಲ್ಲಿ ಸುಲ್ತಾನ ಒಂಬತ್ತನೆಯ ಹಮೆಂಗ್ಕುಬುವೊನೊ ಅವರನ್ನು ಮೆರಾಪಿಯ 'ಜುರು ಕುಂಚಿ' ಎಂದು ನೇಮಿಸಿದರು. ಜುರು ಕುಂಚಿ ಎಂದರೆ ಬೀಗದ ಕೈ ಕಾಯುವವ. ಬೆಟ್ಟದ ಒಳಗೊಂದು ಅರಮನೆ ಇದೆ, ಅಲ್ಲಿನವರು ತೃಪ್ತರಾಗಿದ್ದರೆ ಕೆಳಗಿನ ಅರಮನೆ ಕ್ಷೇಮ ಎಂಬುದು ಹಳೆಯ ನಂಬಿಕೆ. ಅದಕ್ಕಾಗಿ ವರ್ಷಕ್ಕೊಮ್ಮೆ ಅರಮನೆಯಿಂದ ಬಟ್ಟೆಬರೆ ಕಾಣಿಕೆ ಬರುತ್ತದೆ, ಅದನ್ನು ಜುರು ಕುಂಚಿ ಬೆಟ್ಟದ ಮೇಲೆ ಒಯ್ದು ಒಪ್ಪಿಸುತ್ತಾರೆ. ಲಾಬುಹಾನ್ ಎಂದು ಹೆಸರು. ಅವರು ನಮಾಜು ಬಿಡದ ಮುಸಲ್ಮಾನ. ಬೆಟ್ಟಕ್ಕೆ ಕಾಣಿಕೆ ಕೊಡುವುದಕ್ಕೂ ನಮಾಜಿಗೂ ಅವರಲ್ಲಿ ಜಗಳವಿರಲಿಲ್ಲ. ನೀನು ಸೊಪ್ಪಿನಬೆಟ್ಟದ ಚೌಡಿಗೆ ಕಾಯಿ ಒಡೆದು ಬಂದು ರುದ್ರ ಹೇಳುವುದಿಲ್ಲವೆ?

2006ರ ಮೇ ತಿಂಗಳಲ್ಲಿ ಬೆಟ್ಟ ಕೆರಳಿತು. ಎಚ್ಚರಿಕೆ ಕೊನೆಯ ಹಂತಕ್ಕೆ ಹೋಯಿತು. ಎಲ್ಲರೂ ಇಳಿಯಿರಿ ಎಂದರು. ಅಜ್ಜ ಇಳಿಯಲಿಲ್ಲ. ಈಗಿನ ಸುಲ್ತಾನರು ಹೇಳಿದರೂ ಕೇಳಲಿಲ್ಲ, ನನ್ನನ್ನು ಇಲ್ಲಿ ಇಟ್ಟವರು ನಿಮ್ಮ ತಂದೆ ಎಂಬರ್ಥದ ಉತ್ತರ ಕೊಟ್ಟರಂತೆ, ಅದು ಇಲ್ಲಿ ಎಲ್ಲರ ಬಾಯಲ್ಲಿದೆ. (ಇದನ್ನು ಓದುವಾಗ ನೀನು ಮೀಸೆಯಲ್ಲಿ ನಗುತ್ತಿದ್ದೀಯ ಎಂದು ನನಗೆ ಗೊತ್ತು.) ಆ ಸಲ ಮೋಡ ಇಳಿದದ್ದು ಪಕ್ಕದ ಕಣಿವೆಗೆ. ಜೂನ್ 14ರಂದು ಕಾಲಿಯಾದೆಂ ಎಂಬಲ್ಲಿ ಬಂಕರಿನೊಳಗೆ ಆಶ್ರಯ ಪಡೆದ ಇಬ್ಬರು ಸ್ವಯಂಸೇವಕರು ಸತ್ತರು. ಅಜ್ಜನ ಹಳ್ಳಿಗೆ ಏನೂ ಆಗಲಿಲ್ಲ. ಅಷ್ಟು ಸಾಕಾಯಿತು. ಇಡೀ ಇಂಡೋನೇಷ್ಯಾಕ್ಕೆ ಅವರು ಬೆಟ್ಟದ ಮಾತು ಬಲ್ಲವರಾದರು. ಶಕ್ತಿಪೇಯದ ಜಾಹೀರಾತಿನಲ್ಲಿ ಟಿವಿಯಲ್ಲಿ ಬಂದರು.

ಅದೇ 2006ರ ಮೇ ತಿಂಗಳ ಇನ್ನೊಂದು ಸಂಗತಿ ಕೇಳು. ಜಗತ್ತಿನ ಕ್ಯಾಮೆರಾಗಳೆಲ್ಲ ಉತ್ತರಕ್ಕೆ, ಬೆಟ್ಟದ ಕಡೆ ತಿರುಗಿ ನಿಂತಿದ್ದಾಗ, ಮೇ 27ರ ಬೆಳಿಗ್ಗೆ ಆರು ಗಂಟೆಗೆ ಕೆಲವೇ ನಿಮಿಷ ಇರುವಾಗ, ಊರಿನ ದಕ್ಷಿಣಕ್ಕೆ ಭೂಮಿ ನಡುಗಿತು. ಒಂದು ನಿಮಿಷದೊಳಗೆ ಎಲ್ಲ ಮುಗಿಯಿತು. ಬಂತುಲ್ ಕಡೆಯ ಇಟ್ಟಿಗೆ ಮನೆಗಳು ಮಲಗಿದವರ ಮೇಲೇ ಕೂತವು. ಸತ್ತವರು 5,700ಕ್ಕೂ ಹೆಚ್ಚು. ಇಬುವಿನ ಅಣ್ಣನೂ ಅದರಲ್ಲಿ ಒಬ್ಬ. ಅವಳು ಅದನ್ನು ಹೇಳಿದ ಬೆಳಿಗ್ಗೆಯೇ ನಾನು ಆ ಪದ ಕಲಿತದ್ದು. ಪ್ರಕೃತಿ ವಿಕೋಪಕ್ಕೆ ಇವರ ಭಾಷೆಯಲ್ಲಿ 'ಬೆಂಚಾನಾ'. ಸಂಸ್ಕೃತದ ವಂಚನೆ ಎಂಬ ಪದವೇ ಸಮುದ್ರ ದಾಟಿ ಬಂದು ಹೀಗಾಗಿದೆ. ಉತ್ತರ ತೋರಿಸಿ ದಕ್ಷಿಣದಲ್ಲಿ ಹೊಡೆದದ್ದಕ್ಕೆ ಇನ್ನೇನು ಹೆಸರಿಡುವುದು ಎಂದು ಅವತ್ತು ನನಗನಿಸಿತು.

ಈಗ ಹಾಗನಿಸುವುದಿಲ್ಲ. ಯಾರು ಯಾರನ್ನು ವಂಚಿಸಿದರು ಎಂಬುದು 2010ರ ಕಥೆ ಕೇಳಿದ ಮೇಲೆ ಬೇರೆಯೇ ಕಂಡಿತು.

2010ರಲ್ಲಿ ಬೆಟ್ಟ ಗುಟ್ಟಾಗಿ ಏನೂ ಮಾಡಲಿಲ್ಲ. ಸೆಪ್ಟೆಂಬರ್ 20ಕ್ಕೆ ಎಚ್ಚರಿಕೆ ಎರಡನೆಯ ಹಂತಕ್ಕೆ, ಅಕ್ಟೋಬರ್ 21ಕ್ಕೆ ಮೂರನೆಯದಕ್ಕೆ, 25ಕ್ಕೆ ಕೊನೆಯದಕ್ಕೆ. ಬೆಟ್ಟದ ಮೈಮೇಲೆ ಕನ್ನಡಿಯಂಥ ಫಲಕ ನೆಟ್ಟು ಕೆಳಗಿನಿಂದ ಬೆಳಕು ಬಿಟ್ಟು ಅಂತರ ಅಳೆಯುತ್ತಾರೆ. ತೆಂಕಣ ಮೈ ಉಬ್ಬುತ್ತ ಹೋಗಿ ಕೊನೆಯ ದಿನಗಳಲ್ಲಿ ದಿನಕ್ಕೆ ಅರ್ಧ ಮೀಟರಿನ ಹತ್ತಿರ ಸರಿಯುತ್ತಿತ್ತು. ಒಳಗೆ ಸಣ್ಣ ಕಂಪನಗಳು ಒಂದರ ಹಿಂದೆ ಒಂದು. ಆಗ ಜ್ವಾಲಾಮುಖಿ ಇಲಾಖೆಯ ಮುಖ್ಯಸ್ಥರಾಗಿದ್ದವರು ಸುರೊನೊ. ಅವರು ಟಿವಿಯಲ್ಲಿ ದಿನಾ ಬಂದು ಹೇಳಿದ್ದನ್ನೇ ಹೇಳಿ, ಜನ ಅವರನ್ನೂ ಪ್ರೀತಿಯಿಂದ 'ಎಂಬಾಹ್ ರೊನೊ' ಎನ್ನತೊಡಗಿದರು. ಅಲ್ಲಿಗೆ ಇಬ್ಬರು ಅಜ್ಜಂದಿರಾದರು. ಒಬ್ಬರ ಕೈಯಲ್ಲಿ ಬೀಗದ ಕೈ, ಇನ್ನೊಬ್ಬರ ಕೈಯಲ್ಲಿ ಕಂಪನದ ಗೆರೆ ಎಳೆದ ಕಾಗದ.

ಅಕ್ಟೋಬರ್ 26ರ ಸಂಜೆ ಐದರ ಸುಮಾರಿಗೆ ಮೋಡ ಇಳಿಯಿತು. ಈ ಸಲ ಕಿನಾಹ್ರೆಜೊ ದಾರಿಯಲ್ಲೇ ಸಿಕ್ಕಿತು. ಮರುದಿನ ಹೋದವರಿಗೆ ಎಂಬಾಹ್ ಮಾರಿಜಾನ್ ಸಿಕ್ಕಿದ್ದು ಪ್ರಾರ್ಥನೆಗೆ ಬಾಗಿದ ಭಂಗಿಯಲ್ಲಿ, ಹಣೆ ನೆಲಕ್ಕೆ. ವಯಸ್ಸು 83. ಊರು ಕಣ್ಣೀರಿಟ್ಟಿತು, ನಿಷ್ಠೆ ಎಂದರೆ ಇದು ಎಂದಿತು. ನನಗೂ ಆ ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ. ಅವರ ಬಗ್ಗೆ ಹಗುರವಾಗಿ ಮಾತಾಡುವ ಯೋಗ್ಯತೆ ನನಗಿಲ್ಲ.

ಆದರೆ ಅಪ್ಪಯ್ಯ, ಆ ಚಿತ್ರದ ಹೊರಗೆ ಬೇರೆಯವರೂ ಇದ್ದರು. ಅವರ ಮನೆಯಲ್ಲಿ, ಸುತ್ತಮುತ್ತ, ಹತ್ತಕ್ಕೂ ಹೆಚ್ಚು ಜನ ಅದೇ ಮೋಡದಲ್ಲಿ ಹೋದರು. ಅಜ್ಜ ಇದ್ದಾರಲ್ಲ, ಹಾಗಾದರೆ ಏನೂ ಆಗದು ಎಂದು ಉಳಿದ ನೆರೆಯವರು ಅವರಲ್ಲಿದ್ದರು. ಇಳಿಯಿರಿ ಎಂದು ಹೇಳಲು ಕೊನೆಯ ಗಳಿಗೆಯಲ್ಲಿ ಮೇಲೆ ಹೋದ ಒಬ್ಬ ಪತ್ರಕರ್ತ, ರೆಡ್‌ಕ್ರಾಸಿನ ಒಬ್ಬ ಸ್ವಯಂಸೇವಕ ಕೂಡ ಅವರಲ್ಲಿದ್ದರು. ಅವರಿಗೆ ಬೆಟ್ಟದ ಜೊತೆ ಯಾವ ಒಪ್ಪಂದವೂ ಇರಲಿಲ್ಲ. ಅವರು ಒಬ್ಬ ಮುದುಕನನ್ನು ಕರೆತರಲು ಹೋಗಿದ್ದರು ಅಷ್ಟೆ.

2006ರಲ್ಲಿ ಅಜ್ಜನ ಮಾತು ನಿಜವಾದದ್ದೇ 2010ರಲ್ಲಿ ಅವರಿಗೆ ಮುಳುವಾಯಿತು ಎಂದು ನನ್ನ ಲೆಕ್ಕ. ಒಮ್ಮೆ ಪಕ್ಕದ ಕಣಿವೆಗೆ ತಿರುಗಿದ್ದನ್ನು ಬೆಟ್ಟ ಕೊಟ್ಟ ಭಾಷೆ ಎಂದು ಎಲ್ಲರೂ ತಿಳಿದರು. ಬೆಟ್ಟ ಯಾರಿಗೂ ಭಾಷೆ ಕೊಟ್ಟಿರಲಿಲ್ಲ. ಹಾಗಾಗಿ ಬೆಂಚಾನಾ ಎಂಬ ಪದ ಸರಿಯೇ, ಆದರೆ ವಂಚಿಸಿದ್ದು ಬೆಟ್ಟ ಅಲ್ಲ.

ಅಲ್ಲಿಗೇ ಮುಗಿಯಲಿಲ್ಲ. ನವೆಂಬರ್ ಮೊದಲ ವಾರ ಗುಪ್ಪೆ ಯಾರೂ ಕಾಣದ ವೇಗದಲ್ಲಿ ಬೆಳೆಯತೊಡಗಿತು. ಉಪಗ್ರಹದ ಚಿತ್ರಗಳಲ್ಲಿ ಅದು ಮೋಡದ ಮರೆಯಲ್ಲೂ ಕಾಣುತ್ತಿತ್ತು. ಸುರೊನೊ ಅಪಾಯದ ಗಡಿಯನ್ನು ಹತ್ತರಿಂದ ಹದಿನೈದಕ್ಕೆ, ಹದಿನೈದರಿಂದ ಇಪ್ಪತ್ತು ಕಿಲೋಮೀಟರಿಗೆ ತಳ್ಳಿದರು. ಒಮ್ಮೆ ಶಿಬಿರಕ್ಕೆ ಬಂದವರನ್ನು ಮತ್ತೆ ಎಬ್ಬಿಸಿ ಇನ್ನೂ ಕೆಳಗೆ ಕಳಿಸಿದರು, ಎಷ್ಟೋ ಜನ ಮಾಗುವೊಹಾರ್ಜೊದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮಲಗಿದರು. ಬೈದವರು ಕಡಿಮೆಯೇನಲ್ಲ. ನವೆಂಬರ್ 5ರ ನಡುರಾತ್ರಿ, ಆ ಗಡಿಯಾರ ನಿಂತಾಗ, 1872ರ ನಂತರದ ಅತಿ ದೊಡ್ಡ ಸ್ಫೋಟ. ಗೆಂದೋಲ್ ಕಣಿವೆಯಲ್ಲಿ ಮೋಡ ಸುಮಾರು ಹದಿನೈದು ಕಿಲೋಮೀಟರು ಇಳಿಯಿತು. ಒಟ್ಟು ಸತ್ತವರು 350ಕ್ಕೂ ಹೆಚ್ಚು. ಮನೆ ಬಿಟ್ಟವರು ನಾಲ್ಕು ಲಕ್ಷದ ಸುಮಾರು. ಅವರು ಬಿಡದೇ ಇದ್ದಿದ್ದರೆ ಇನ್ನೂ ಹತ್ತರಿಂದ ಇಪ್ಪತ್ತು ಸಾವಿರ ಜೀವ ಹೋಗುತ್ತಿತ್ತು ಎಂದು ಆಮೇಲೆ ವಿಜ್ಞಾನಿಗಳು ಲೆಕ್ಕ ಹಾಕಿದರು. ಹಾಗೆ ಬದುಕಿ ಉಳಿದವರಲ್ಲಿ ಯಾರ ಹೆಸರೂ ಯಾವ ಕಲ್ಲಿನ ಮೇಲೂ ಇಲ್ಲ. ಎಲ್ಲೋ ಗದ್ದೆ ಮಾಡಿಕೊಂಡು, ಮಕ್ಕಳಿಗೆ ಬೈದುಕೊಂಡು ಇದ್ದಾರೆ.

ಬೆಟ್ಟ ಸುಮ್ಮನಾದ ಮೇಲೆ ಮಳೆ ಶುರುವಾಯಿತು. ಮೇಲೆ ರಾಶಿ ಬಿದ್ದ ಬೂದಿಯೂ ಕಲ್ಲೂ ನೀರಿನ ಜೊತೆ ಸೇರಿ, ಗಾರೆ ಕಲಸಿದ ಹಾಗಾಗಿ ಹೊಳೆಗಳಲ್ಲಿ ಇಳಿದು ಬಂತು. ಅದಕ್ಕೆ 'ಲಾಹಾರ್' ಎನ್ನುತ್ತಾರೆ. ಈಗ ಜಗತ್ತಿನ ಎಲ್ಲ ಭೂವಿಜ್ಞಾನದ ಪುಸ್ತಕಗಳಲ್ಲೂ ಇರುವ ಈ ಪದ ಮೂಲದಲ್ಲಿ ಜಾವಾದ ರೈತನದು. 2011ರ ಜನವರಿಯಲ್ಲಿ ಪುತಿಹ್ ಎಂಬ ಹೊಳೆ ತನ್ನ ದಾರಿ ಬಿಟ್ಟು, ಮಾಗೆಲಾಂಗಿಗೆ ಹೋಗುವ ಹೆದ್ದಾರಿಯ ಮೇಲೆ, ಮನೆಗಳ ಮೇಲೆ ಹರಿಯಿತು. ಸಿಡಿದದ್ದು ಎರಡು ತಿಂಗಳ ಹಿಂದೆ. ಹೊತ್ತು ತಂದದ್ದು ಬರೀ ಮಳೆ. ಮಳೆ ಏನು ಹೊರಬಲ್ಲದು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಜನ ಯಾಕೆ ಇಳಿಯಲಿಲ್ಲ ಎಂದು ಜೀಪಿನವನನ್ನು ಕೇಳಿದೆ. ದೇವರು, ಅರಮನೆ ಎಂದೆಲ್ಲ ಹೇಳುತ್ತಾನೆ ಅಂದುಕೊಂಡಿದ್ದೆ. ಅವ ಒಂದೇ ಮಾತು ಹೇಳಿದ: "ಸಾಪಿ." ದನ. ಅಲ್ಲಿ ಮನೆಮನೆಯಲ್ಲೂ ಹಾಲಿನ ದನ. ಹೆಂಡತಿ ಮಕ್ಕಳನ್ನು ಶಿಬಿರಕ್ಕೆ ಬಿಟ್ಟು, ಗಂಡಸರು ದಿನಾ ಬೆಳಿಗ್ಗೆ ಬೈಕಿನಲ್ಲಿ ಮೇಲೆ ಹೋಗಿ ಹುಲ್ಲು ಹಾಕಿ, ಹಾಲು ಕರೆದು ಬರುತ್ತಿದ್ದರು. ಹಾಗೆ ಹೋದವರಲ್ಲಿ ಕೆಲವರು ಬರಲಿಲ್ಲ. ಕೊನೆಗೆ ಸರ್ಕಾರವೇ ದನಗಳನ್ನು ಕೊಂಡುಕೊಳ್ಳುತ್ತೇವೆ, ಜನ ಇಳಿದರೆ ಸಾಕು ಎಂದು ಹೇಳಬೇಕಾಯಿತು. ಮನೆಯವರನ್ನು ಮಾತ್ರ ಇಳಿಸಿ ಕೊಟ್ಟಿಗೆ ಮರೆತರೆ ಯಾರನ್ನೂ ಇಳಿಸಿದ ಹಾಗಾಗುವುದಿಲ್ಲ ಎಂದು ಅವರಿಗೆ ಆ ವರ್ಷ ಗೊತ್ತಾಯಿತು. ಈಗ ಕೆಳಗೆ 'ಹುಂತಾಪ್' ಎಂಬ ಕಾಯಂ ಬಡಾವಣೆಗಳಿವೆ, ಸಣ್ಣ ಸಣ್ಣ ಒಂದೇ ಥರದ ಮನೆಗಳು. ನಮ್ಮ ಜೀಪಿನವ ಅಂಥದ್ದರಲ್ಲೇ ಇರುವುದು. ಹಗಲು ಮೇಲೆ ಹೋಗಿ ತೋಟ ನೋಡುತ್ತಾನೆ, ರಾತ್ರಿ ಕೆಳಗೆ ಮಲಗುತ್ತಾನೆ. ಮಣ್ಣು ಹೇಗಿದೆ ಎಂದು ನೀನು ಕೇಳುತ್ತೀಯ ಎಂದು ನಾನೇ ಕೇಳಿಟ್ಟೆ. ಬೂದಿ ಬಿದ್ದ ಮಣ್ಣು ಕಪ್ಪಗೆ, ಹುಡಿಹುಡಿ, ನೀರು ಹಿಡಿಯುತ್ತದೆ. ಹಾವಿನ ಚರ್ಮದಂಥ ಸಿಪ್ಪೆಯ ಸಲಾಕ್ ಎಂಬ ಹಣ್ಣು ಇಲ್ಲಿನಷ್ಟು ಸಿಹಿ ಬೇರೆಲ್ಲೂ ಇಲ್ಲ ಎನ್ನುತ್ತಾರೆ. ತಿಂದೆ. ಅಷ್ಟೇನೂ ಅಲ್ಲ, ನಮ್ಮ ಹಿತ್ತಲ ಜಂಬುನೇರಳೆ ವಾಸಿ.

ನಿನಗೆ ಇಷ್ಟವಾಗುವ ಒಂದು ಜಾಗಕ್ಕೂ ಹೋಗಿಬಂದೆ, ಸಾಂಬಿಸಾರಿ. 1966ರಲ್ಲಿ ಒಬ್ಬ ರೈತ ಹೊಲ ಅಗೆಯುವಾಗ ಗುದ್ದಲಿ ಕೆತ್ತಿದ ಕಲ್ಲಿಗೆ ತಾಗಿತು. ತೆಗೆಯುತ್ತ ಹೋದರೆ ಇಡೀ ಶಿವಾಲಯ, ನೆಲದಿಂದ ಆರೂವರೆ ಮೀಟರು ಕೆಳಗೆ. ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಮೆರಾಪಿಯ ಬೂದಿ, ಹೊಳೆ ತಂದ ಕಲ್ಲುಮಣ್ಣು ಪದರ ಪದರವಾಗಿ ಮುಚ್ಚಿ, ಮೇಲೆ ಗದ್ದೆಯಾಗಿ, ಕೆಳಗೆ ದೇವಸ್ಥಾನ ಇದೆ ಎಂಬ ನೆನಪೂ ಅಳಿದಿತ್ತು. ಬಿಡಿಸಿ ಜೋಡಿಸಿ ನಿಲ್ಲಿಸಲು ಇಪ್ಪತ್ತು ವರ್ಷ ಹಿಡಿಯಿತು. ಈಗ ದೊಡ್ಡ ಕೆರೆಯ ತಳಕ್ಕೆ ಇಳಿದ ಹಾಗೆ ಮೆಟ್ಟಿಲಿಳಿದು ಹೋಗಬೇಕು. ಗರ್ಭಗುಡಿಯಲ್ಲಿ ಲಿಂಗ ಇದೆ. ಹೊರಗೋಡೆಯ ಗೂಡುಗಳಲ್ಲಿ ಉತ್ತರಕ್ಕೆ ದುರ್ಗೆ, ಪೂರ್ವಕ್ಕೆ ಗಣಪತಿ, ದಕ್ಷಿಣಕ್ಕೆ ಅಗಸ್ತ್ಯ. ನಿನ್ನ ಹೆಸರಿನಲ್ಲಿ ಒಂದು ಪ್ರದಕ್ಷಿಣೆ ಬಂದೆ. ಪೂಜೆ ಮಾಡುತ್ತಿದ್ದ ಭಟ್ಟರು ಏನಾದರು ಎಂದು ಯೋಚಿಸುತ್ತಿದ್ದೆ. ಆ ಕಾಲದ ರಾಜಧಾನಿ ಹತ್ತನೆಯ ಶತಮಾನದಲ್ಲಿ ಜಾವಾದ ಪೂರ್ವಕ್ಕೆ ಹೋಗಿದ್ದೇಕೆ ಎಂಬುದಕ್ಕೆ ಮೆರಾಪಿಯೇ ಕಾರಣ ಎನ್ನುವವರಿದ್ದಾರೆ, ಎಲ್ಲ ಪಂಡಿತರೂ ಒಪ್ಪುವುದಿಲ್ಲ. ಕಾರಣ ಏನೇ ಇರಲಿ, ಅವರು ಎದ್ದು ಹೋದರು. ಹೋದವರು ಅಲ್ಲಿ ಹೊಸ ಗುಡಿ ಕಟ್ಟಿದರು.

ಈಗ ನಮ್ಮ ಮನೆಯ ವಿಷಯ.

ಜನವರಿಯಿಂದ ಫೋನಿನಲ್ಲಿ ನೀನು ಮಾತಿನ ನಡುವೆ ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದೇನೆ. ಸೊಪ್ಪಿನಬೆಟ್ಟದಲ್ಲಿ ಚೌಡಿ ಕಲ್ಲಿನ ಮೇಲುಗಡೆ ಕಳೆದ ಮಳೆಗಾಲದಲ್ಲಿ ಬಿಟ್ಟ ಬಿರುಕು, ಆಗ ಅದರಲ್ಲಿ ಕೈ ಹೋಗುತ್ತಿತ್ತು, ಈಗ ಕಾಲು ಹೋಗುತ್ತದೆ. ತೋಟದ ಮೇಲಿನ ಸಾಲಿನ ಅಡಿಕೆ ಮರಗಳು ಹಳ್ಳದ ಕಡೆ ವಾಲಿವೆ, "ಗಾಳಿಗೆ ಇರಬೇಕು" ಅಂದೆ. ಧರೆಯ ಬುಡದ ಒರತೆ ಒಂದು ಹೊಸ ಕಡೆ ಎದ್ದಿದೆ, ನೀರು ಕೆಂಪಗೆ ಬರುತ್ತಿದೆ. ಹಿತ್ತಲ ಬಾಗಿಲು ಬ್ಯಾಸಗೆಯಲ್ಲೂ ಕಚ್ಚಿಕೊಳ್ಳುತ್ತದೆ, ಆಚಾರಿ ಬಂದು ಹೆರೆದು ಹೋದ, ಮತ್ತೆ ಕಚ್ಚಿಕೊಂಡಿದೆ. ಎಷ್ಟು ಕರಾರುವಾಕ್ಕಾಗಿ ನೋಡುತ್ತೀಯ ಅಪ್ಪಯ್ಯ ನೀನು! ಸುರೊನೊ ಅವರ ಇಲಾಖೆಗೆ ನಿನ್ನಂಥವನು ಒಬ್ಬ ಬೇಕಿತ್ತು. ನೋಡುವುದು ಕಂಪನದ ಕಾಗದ ಹಿಡಿದ ಅಜ್ಜನ ಹಾಗೆ, ಆದರೆ ತೀರ್ಮಾನಕ್ಕೆ ಬರುವಾಗ ಮಾತ್ರ ಬೀಗದ ಕೈಯ ಅಜ್ಜನ ಪಕ್ಕ ಕೂರುತ್ತೀಯ. "ನಮ್ಮಜ್ಜನ ಕಾಲದಿಂದ ಏನೂ ಆಗಲಿಲ್ಲ."

ನಮ್ಮಲ್ಲಿ ಬೆಂಕಿಬೆಟ್ಟವಿಲ್ಲ, ನಿಜ. ಆದರೆ 2021ರ ಜುಲೈಯಲ್ಲಿ ಕಳಚೆಯಲ್ಲಿ ತೋಟಗಳು ಮನೆಗಳು ಜಾರಿದಾಗ ನೀನೇ ಹೋಗಿ ನೋಡಿ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು, ಹೊಳೆಗೆ ಬಿದ್ದ ಒಂದು ಲಾರಿಯನ್ನು ಗಂಗಾವಳಿಯ ತಳದಿಂದ ಎರಡು ತಿಂಗಳು ಕಳೆದ ಮೇಲೆ ಎತ್ತಿದ್ದು, ಟಿವಿಯಲ್ಲಿ ನೋಡಿ ನನಗೆ ಹೇಳಿದವನೂ ನೀನೇ. ಕಳಚೆಯವರಿಗೂ ಅಜ್ಜಂದಿರಿದ್ದರು.

ನೀನು ಹೆದರುವವನಲ್ಲ ಎಂದು ಗೊತ್ತು. ಹೆದರು ಎಂದು ನಾನು ಹೇಳುತ್ತಲೂ ಇಲ್ಲ. ಜುಲೈಯ ಒಂದು ರಾತ್ರಿ ಮಳೆ ನಿಲ್ಲದೇ ಹೊಡೆದು, ನಿನ್ನ ಫೋನು ಹತ್ತದೇ ಹೋದರೆ ಶಿರಸಿಯಿಂದ ಮಾಣಿ ಸುಮ್ಮನೆ ಕೂರುತ್ತಾನಾ? ಜೀಪು ತೆಗೆದುಕೊಂಡು ಆ ಘಟ್ಟದ ರಸ್ತೆಯಲ್ಲಿ ಬಂದೇ ಬರುತ್ತಾನೆ. ಜೊತೆಗೆ ಕೆಳಗಿನ ಮನೆಯ ಹುಡುಗರನ್ನೂ ಎಬ್ಬಿಸಿಕೊಂಡು ಬರುತ್ತಾನೆ. ಕಿನಾಹ್ರೆಜೊದಲ್ಲಿ ಆ ಅಜ್ಜನ ಮನೆಯಂಗಳದಲ್ಲಿ ನಿಂತಾಗ ನನಗೆ ನೆನಪಾದದ್ದು ನೀನಲ್ಲ, ಮಾಣಿ.

ಜಾಗ ಮಾರು, ಮನೆ ಬಿಡು ಎಂದು ಯಾರೂ ಹೇಳುತ್ತಿಲ್ಲ. ಜೀಪಿನವ ಮಾಡಿದ ಹಾಗೆ ಮಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಶಿರಸಿಯಲ್ಲಿ ಮಲಗು. ಹೊಳವಾದ ದಿನ ಮಾಣಿ ಕರೆತರುತ್ತಾನೆ, ಕೊಳೆಮದ್ದು ಹೊಡೆಸು, ಹಗಲಲ್ಲೇ ತಿರುಗಿ ಹೋಗು. ನಿನ್ನ ಚೌಡಿಗೆ ಕಾಯಿ ಒಡೆದೇ ಹೋಗು, ಬೇಡವೆನ್ನುವುದಿಲ್ಲ. ಆ ಬಿರುಕಿಗೆ ನೀರು ಇಳಿಯದ ಹಾಗೆ ಟಾರ್ಪಾಲು ಹೊದೆಸಿ, ಮೇಲಿನ ನೀರನ್ನು ಬದಿಗೆ ತಿರುಗಿಸಲು ಕಾಲುವೆ ತೆಗೆಸು. ಅದರಿಂದ ಬೆಟ್ಟ ನಿಲ್ಲುತ್ತದೆ ಎಂದಲ್ಲ, ಸ್ವಲ್ಪ ತಡವಾಗಬಹುದು.

ಕೊಟ್ಟಿಗೆಯ ಚಿಂತೆಯೂ ಬೇಡ. ಮಾಣಿಯ ಮನೆಯ ಹಿಂದೆ ತಗಡಿನ ಮಾಡು ಹಾಕಿಸಿಯಾಗಿದೆ, ಒಣಹುಲ್ಲು ತರಿಸಿಯಾಗಿದೆ. ಇದನ್ನು ಅವನು ನಿನಗೆ ಹೇಳಿಲ್ಲ, ಬೈಯುತ್ತೀಯ ಎಂದು ಹೆದರಿಕೆ. ಹಣ ನಾನು ಕಳಿಸಿದ್ದು, ಬೈಯುವುದಾದರೆ ನನಗೆ ಬೈ.

ಜೂನ್ 4ರ ಬೆಳಿಗ್ಗೆ ಅವನು ದನ ಸಾಗಿಸುವ ಗಾಡಿ ತರುತ್ತಾನೆ. ಗೌರಿಯನ್ನು ಮೊದಲು ಹತ್ತಿಸು, ಅವಳು ಹತ್ತಿದರೆ ಉಳಿದವೂ ಹತ್ತುತ್ತವೆ. ಆಯಿಯ ಮಾತ್ರೆ ಡಬ್ಬ ಕಪಾಟಿನ ಎರಡನೆಯ ಹಲಗೆಯಲ್ಲಿದೆ, ಮರೆಯಬೇಡ. ಹಿತ್ತಲ ಬಾಗಿಲು ಹಾಕಿಕೊಳ್ಳದಿದ್ದರೆ ಹಾಗೇ ಬಿಟ್ಟು ಬಾ.

ನಿನ್ನ ಕೂಸು